ಮರಳಿನ ಮೂಟೆಗೆ ಕಾಲಿಲ್ಲ

ಮಾರ್ಚ್ 3, ಮಂಗಳವಾರ

ಮತ್ತೆ ಮೂಟೆ ಇಳಿಸಿದೆವು. ಬೆಳಿಗ್ಗೆಯಿಂದ ಎಷ್ಟನೇ ಸಲವೋ, ಲೆಕ್ಕ ಬಿಟ್ಟೆ. ಮೇಲಿನ ಬಾಲ್ಕನಿಯಿಂದ ಹೊರಟು ರಂಗದ ನಡುವಿಗೆ ಬಂತು. ಎರಡು ಸಲ ಓಲಾಡಿ ಸುಮ್ಮನಾಯಿತು. ಪಾಪ, ಮರಳಿನ ಮೂಟೆ. ನನ್ನ ಮಾತು ಕೇಳುವುದು ಪ್ರಪಂಚದಲ್ಲಿ ಇದೊಂದೇ.

ಇಷ್ಟು ವರ್ಷ ಕಾರ್ಖಾನೆಗಳ ಕ್ರೇನಿಗೆ ಕಂಟ್ರೋಲ್ ಬರೆದವಳು ನಾನು. ಉಕ್ಕಿನ ಸುರುಳಿ ಎತ್ತಿಸಿದ್ದೇನೆ, ಗಾಜಿನ ಹಾಳೆ ಎತ್ತಿಸಿದ್ದೇನೆ, ಒಂದೂ ಒಡೆದಿಲ್ಲ. ನಾಟಕದವರು ಕರೆದದ್ದು ಇದೇ ಮೊದಲು. ಇಲ್ಲಿ ಎತ್ತಬೇಕಾದದ್ದು ಒಬ್ಬ ಹೆಂಗಸನ್ನು. ವರ್ಷಗಟ್ಟಲೆ ಬಾಲ್ಕನಿ ಬಿಟ್ಟು ಕದಲದ ಮುದುಕಿ ಕೊನೆಯ ದೃಶ್ಯದಲ್ಲಿ ಹಾರಿ ಬೀದಿಗೆ ಇಳಿಯುತ್ತಾಳಂತೆ. ಹಾರುವುದು ಅಂದರೆ — ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಮೇಲೆ ಹಳಿಯಲ್ಲಿ ಓಡುವ ಟ್ರಾಲಿಗೆ. ಟ್ರಾಲಿ ಓಡಿಸುವ ಬುದ್ಧಿ ನನ್ನದು.

ನೇತಾಡುವುದೆಲ್ಲ ಓಲಾಡುತ್ತದೆ. ಆ ಓಲಾಟದ ಸಮೀಕರಣ ಸೊಟ್ಟ. ನಾನ್‌ಲೀನಿಯರ್. ಸೈನು, ಕೊಸೈನು, ಅದರ ಮೇಲೆ ಇಳಿಯುತ್ತಾ ಹಗ್ಗದ ಉದ್ದವೂ ಬದಲು. ಇದ್ದ ಹಾಗೇ ಬಿಡಿಸಲು ಹೊರಟವರು ಉದ್ಧಾರವಾಗಿಲ್ಲ. ಹಾಗಾಗಿ ಸ್ಟೇಟ್ ಸ್ಪೇಸ್. ಟ್ರಾಲಿ ಎಲ್ಲಿದೆ, ಅದರ ವೇಗವೆಷ್ಟು, ಹಗ್ಗ ಎಷ್ಟು ವಾಲಿದೆ, ವಾಲುವ ವೇಗವೆಷ್ಟು. ನಾಲ್ಕೇ ಸಂಖ್ಯೆ. ಈ ಕ್ಷಣದ ನಾಲ್ಕು ಗೊತ್ತಿದ್ದರೆ ಹಿಂದಿನ ಪುರಾಣ ಬೇಡ, ಮುಂದಿನದು ತಾನಾಗಿ ಲೆಕ್ಕಕ್ಕೆ ಸಿಗುತ್ತದೆ. ಹಗ್ಗ ಸ್ವಲ್ಪವೇ ವಾಲುತ್ತದೆ ಎಂದುಕೊಂಡರೆ ಸೊಟ್ಟ ಗೆರೆಯ ಆ ತುಂಡು ಹೆಚ್ಚುಕಡಿಮೆ ನೇರ. ಇಳಿಯುವ ದಾರಿಯಲ್ಲಿ ಮೇಲೊಂದು ತುಂಡು, ನಡುವೆ ಒಂದು, ಕೆಳಗೊಂದು. ಸೊಟ್ಟ ಪ್ರಪಂಚವನ್ನು ತುಂಡುತುಂಡಾಗಿ ನೇರ ಮಾಡಿಕೊಂಡು ಅನ್ನ ತಿನ್ನುತ್ತಿದ್ದೇನೆ.

ನಾಳಿದ್ದು ಮೂಟೆ ಬದಲು ಮನುಷ್ಯರು.

ಮಾರ್ಚ್ 5, ಗುರುವಾರ. ಸಂಜೆ

ನಟಿ ಬಂದರು. ತಂಡದಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಅನ್ನುತ್ತಾರೆ, ನಾನೂ ಅಂದೆ. ಅರವತ್ತೆರಡು ವಯಸ್ಸು. ಕುಳ್ಳು, ಗಟ್ಟಿ ಭುಜ, ಹಿಂದಿನ ಸಾಲಿನವರಿಗೂ ಕೇಳುವ ಪಿಸುಮಾತು. ಚಿಕ್ಕವರಿದ್ದಾಗ ಇಂಥ ಹಗ್ಗದಲ್ಲಿ ಬಹಳ ಹಾರಿದ್ದಾರಂತೆ. ಆಮೇಲೆ ಬರೀ ಅಮ್ಮ, ಅತ್ತೆ, ಹಾಸಿಗೆ ಹಿಡಿದ ಅಜ್ಜಿ.

"ಇಪ್ಪತ್ತೈದು ವರ್ಷದಿಂದ ನನ್ನನ್ನ ಬರೀ ಕುರ್ಚಿ ಮೇಲೆ ಕೂರ್ಸಿದಾರೆ ಕಣ್ರೀ. ಇದೊಂದು ಸಲ ಹಾರಿಬಿಡ್ತೀನಿ. ಆಮೇಲೆ ಬೇಕಾದ್ರೆ ಕುರ್ಚಿಗೇ ಮೊಳೆ ಹೊಡೀಲಿ."

ನಾಲ್ಕು ಸಂಖ್ಯೆಯ ವಿಷಯ ವಿವರಿಸಿದೆ. ಗಮನವಿಟ್ಟು ಕೇಳಿದರು.

"ಅಂದ್ರೆ ನನ್ನನ್ನ ನಾಲ್ಕು ನಂಬರಲ್ಲಿ ಮುಗಿಸಿಬಿಟ್ರಾ?"

"ನಿಮ್ಮನ್ನಲ್ಲ. ಹಗ್ಗಾನ."

"ಹಗ್ಗದ ತುದೀಲಿ ಇರೋಳು ನಾನು ತಾನೇ?"

ನಕ್ಕೆ. ನಗಬಾರದಿತ್ತು.

ಇಳಿದರು. ಮೇಲಿನ ತುಂಡು ಚೆನ್ನಾಗಿ ಬಂತು, ನಡುವಿನದೂ. ಕೆಳಗೆ ಬಂದ ಮೇಲೆ ಓಲಾಟ ನಿಲ್ಲಲೇ ಇಲ್ಲ. ಎರಡಲ್ಲ, ಹತ್ತಲ್ಲ... ನಿಧಾನವಾಗಿ ಹೆಚ್ಚುತ್ತಾ ಹೋಗಿ, ಅವರ ಕಾಲಿನ ಹೆಬ್ಬೆರಳು ರಂಗದ ಬೀದಿದೀಪದ ಕಂಬಕ್ಕೆ ತಗುಲಿತು. ಹಗ್ಗ ನೋಡಿಕೊಳ್ಳುವ ಗಂಟಣ್ಣ ಓಡಿಹೋಗಿ ಹಿಡಿದುಕೊಂಡರು. (ಆತನ ಕೈಯಲ್ಲಿ ಯಾವಾಗಲೂ ಒಂದು ತುಂಡು ಹಗ್ಗ, ಮಾತಾಡುತ್ತಲೇ ಗಂಟು ಹಾಕುತ್ತಿರುತ್ತಾರೆ. ಅದಕ್ಕೇ ಆ ಹೆಸರು.)

ನಿರ್ದೇಶಕ ಏನೂ ಹೇಳಲಿಲ್ಲ. ಸದಾ "ಸೈಲೆನ್ಸ್!" ಎಂದು ಕಿರುಚುವ ಮನುಷ್ಯ ಸುಮ್ಮನಿದ್ದರೆ ಹೆದರಿಕೆ.

ಮಾರ್ಚ್ 10, ಮಂಗಳವಾರ

ಗೇನ್ ಏರಿಸಿದೆ. ಅಂದರೆ ಹಗ್ಗ ಚೂರು ವಾಲಿದರೂ ಟ್ರಾಲಿ ಇನ್ನೂ ಜೋರಾಗಿ ತಿದ್ದಬೇಕು. ಮೂಟೆಗೆ — ಅದ್ಭುತ. ಒಂದೇ ಓಲಾಟಕ್ಕೆ ನಿಂತಿತು.

ದೊಡ್ಡಮ್ಮನಿಗೆ — ಮೊದಲಿಗಿಂತ ಕೆಟ್ಟದು.

ಮತ್ತೆ ಏರಿಸಿದೆ. ಇನ್ನೂ ಕೆಟ್ಟಿತು. ಕಂಬಕ್ಕೆ ಸ್ಪಂಜು ಸುತ್ತಿದ್ದಾರೆ, ಪುಣ್ಯ.

ಅದೇ ತೂಕ, ಅದೇ ಹಗ್ಗ, ಅದೇ ಮೋಟರ್. ನನಗೆ ತಲೆ ಕೆಟ್ಟಿದೆ.

ಮಾರ್ಚ್ 12, ಗುರುವಾರ

ನಿರ್ದೇಶಕ ಒಬ್ಬ ಜಿಮ್ನಾಸ್ಟ್ ಹುಡುಗಿಯನ್ನು ಕರೆತಂದ. ಬಿಳಿ ವಿಗ್ಗು ಹಾಕಿ, ಹಗ್ಗಕ್ಕೆ ಕಟ್ಟಿ ಇಳಿಸಿದೆವು. ಮೈ ಕೋಲಿನಂತೆ ಬಿಗಿಹಿಡಿದು ಬಂದಳು. ಎರಡು ಓಲಾಟ. ನಿಂತಳು. "ಥ್ಯಾಂಕ್ಯೂ ಆಂಟಿ" ಎಂದು ನನಗೆ ಹೇಳಿ ಹೋದಳು. ಆಂಟಿಯಂತೆ.

"ನೋಡಿದ್ರಲ್ಲ ಮೇಡಂ," ಅಂದ ನಿರ್ದೇಶಕ. "ಮೆಷಿನ್ ಸರಿಯಾಗಿದೆ. ದೊಡ್ಡಮ್ಮಂಗೆ ಭಯ. ವಯಸ್ಸು. ಅವರು ಬಾಲ್ಕನೀಲಿ ನಿಂತು ಡೈಲಾಗ್ ಹೇಳ್ಲಿ, ಹಾರೋದು ಈ ಹುಡುಗಿ ಮಾಡ್ಲಿ. ಕತ್ತಲಲ್ಲಿ ಯಾರಿಗೆ ಗೊತ್ತಾಗತ್ತೆ?"

"ಮೆಷಿನ್ ಸರಿಯಿದೆ ಅಂತ ನಾನು ಹೇಳ್ಲಿಲ್ವಲ್ಲ."

"ಹಾಗಾದ್ರೆ ತಿಂಗಳ ಕೊನೆಯೊಳಗೆ ಹೇಳಿ."

ದೊಡ್ಡಮ್ಮ ಪಕ್ಕದಲ್ಲೇ ಇದ್ದರು. ಪಟ್ಟಿ ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಾಗನ್ನಲ್ಲಮ್ಮ. ನೆಲ ಸರಿಯಾಗೇ ಇರಬಹುದು." ನಗುತ್ತಲೇ ಅಂದರು. ಹಾಗೇ ನಗುತ್ತ ಹೊರಗೆ ಹೋದರು. ಅವರು ಹಾರಲೇಬೇಕು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ. ಅವತ್ತೇ ಅಂದರೆ ಇವತ್ತೇ.

ಮಾರ್ಚ್ 15, ಭಾನುವಾರ. ಮಧ್ಯಾಹ್ನ

ಕಾರಿನ ಎಡಗಡೆ ಉದ್ದಕ್ಕೂ ಗೀರು. ಮೊದಲು ಅದನ್ನು ಬರೆದುಬಿಡುತ್ತೇನೆ.

ಮಗಳಿಗೆ ಡ್ರೈವಿಂಗ್ ಹೇಳಿಕೊಡುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅತ್ತೆ — "ನಾನೂ ಗಾಳಿ ಕುಡಿದು ಬರ್ತೀನಿ" ಎಂದು ಹತ್ತಿಕೊಂಡಿದ್ದರು. ಗೇಟಿನಿಂದ ಹೊರಗೆ ತಿರುಗಿಸುವಾಗ ಮಗಳು ಸ್ವಲ್ಪ ಬಲಕ್ಕೆ ಹೋದಳು. ನಾನು ಸ್ಟಿಯರಿಂಗಿಗೆ ಕೈ ಹಾಕಿ ಎಡಕ್ಕೆ ಎಳೆದೆ. ಆ ಹೊತ್ತಿಗೆ ಅವಳೂ ಎಡಕ್ಕೆ ತಿರುಗಿಸಿದ್ದಳು. ಎರಡೂ ಸೇರಿ ಜಾಸ್ತಿ ಎಡಕ್ಕೆ. ಇಬ್ಬರೂ ಹೆದರಿ ಬಲಕ್ಕೆ ಎಳೆದೆವು. ಮತ್ತೆ ಎಡಕ್ಕೆ. ಕರ್ರ್ — ಗೇಟಿನ ಕಂಬ.

"ಅಮ್ಮಾ, ಕೈ ಬಿಡ್ತೀಯಾ ಇಲ್ವಾ! ನಾನೇ ಸರಿ ಮಾಡ್ತಿದ್ದೆ!"

"ಸರಿ ಮಾಡ್ತಿದ್ದಳಂತೆ! ಕಂಬ ಕಾಣಲ್ವಾ ನಿಂಗೆ?"

ಹಿಂದಿನಿಂದ ಅತ್ತೆ, ಆರಾಮವಾಗಿ: "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಬಂಡಿ ಮಾತ್ರ ಕಂಬಕ್ಕೆ."

ನಾನು ತೆಪ್ಪಗಾದೆ. ಮಗಳು ಕಾದಳು, ಬೈಗುಳ ಬರಲಿಲ್ಲ. "ಅಮ್ಮ, ಕೋಪಾನಾ?" ಅಂದಳು. ಇಲ್ಲ ಅಂದೆ. "ಜ್ವರಾನಾ?" ಅಂದಳು.

ಎರಡು ಕೈ. ಒಂದೇ ಸ್ಟಿಯರಿಂಗ್. ಇಬ್ಬರೂ ತಿದ್ದುವವರೇ, ಇಬ್ಬರೂ ಒಂದು ಚೂರು ತಡ. ನಾನು ಜೋರಾಗಿ ಎಳೆದಷ್ಟೂ ಕೆಟ್ಟಿತು.

ಗೇನ್ ಏರಿಸಿದಷ್ಟೂ ಕೆಟ್ಟಿತು!

ಹಗ್ಗದ ತುದಿಯಲ್ಲಿ ಇನ್ನೊಬ್ಬರು ತಿದ್ದುತ್ತಿದ್ದಾರೆ.

ಮಾರ್ಚ್ 16, ಸೋಮವಾರ

ಪಕ್ಕದಿಂದ ವಿಡಿಯೊ ತೆಗೆದೆ. ಹೌದು. ಹಗ್ಗ ಮುಂದಕ್ಕೆ ಹೋದರೆ ದೊಡ್ಡಮ್ಮನ ಕಾಲು ಹಿಂದಕ್ಕೆ ಬೀಸುತ್ತದೆ, ಹಗ್ಗ ಹಿಂದೆ ಬಂದರೆ ಮಂಡಿ ಮೇಲೆ. ಪುಟ್ಟ ಚಲನೆ. ಸೀರೆಯ ನೆರಿಗೆಯೊಳಗೆ ಕಾಣುವುದೇ ಇಲ್ಲ. ಅಭ್ಯಾಸದ ಪ್ಯಾಂಟಿನಲ್ಲಿ ಕಂಡಿತು.

"ನಾನಾ? ಕಾಲು ಆಡಿಸ್ತೀನಾ? ಸುಮ್ನಿರಿ. ಕಲ್ಲಿನ ಹಾಗೆ ಇರ್ತೀನಿ ನಾನು."

ತೋರಿಸಿದೆ. ಎರಡು ಸಲ ನೋಡಿದರು. ಗಂಟಣ್ಣನೂ ಬಗ್ಗಿ ನೋಡಿದರು. ಆಮೇಲೆ ದೊಡ್ಡಮ್ಮ ಬಾಯಿಗೆ ಕೈ ಇಟ್ಟುಕೊಂಡು ನಗಲು ಶುರು ಮಾಡಿದರು, ಕಣ್ಣಲ್ಲಿ ನೀರು ಬರುವವರೆಗೆ. ಆಗಿನ ಕಾಲದಲ್ಲಿ ನಾಲ್ಕು ಜನ ಗಂಡಸರು ಕೈಯಲ್ಲಿ ಹಗ್ಗ ಎಳೆಯುತ್ತಿದ್ದರಂತೆ. ಇಳಿಸುವುದಷ್ಟೇ ಅವರ ಕೆಲಸ. ಓಲಾಟ ನಿಲ್ಲಿಸಿಕೊಳ್ಳುವುದು ಹಾರುವವಳ ತಲೆನೋವು.

"ಇಷ್ಟು ವರ್ಷ ಆಯ್ತು... ಈ ಹಾಳು ಕಾಲು ನನಗೇ ಹೇಳದೆ ಕೆಲಸ ಮಾಡ್ತಿದೆ ನೋಡಿ!"

ಮಾರ್ಚ್ 17, ಮಂಗಳವಾರ

ಕಾಲು ಆಡಿಸಬೇಡಿ ಅಂದೆ. ಸುಲಭದ ದಾರಿ. ಮೊದಲು ಆಗಲಿಲ್ಲ: ಕಾಲು ಹಿಡಿದರೆ ತೋಳು ಆಡುತ್ತದೆ. ಸಂಜೆಯ ಹೊತ್ತಿಗೆ ಆಯಿತು. ಮೈ ಪೂರಾ ಬಿಗಿ. ಎರಡು ಓಲಾಟ, ನಿಂತರು. ನನ್ನ ಗ್ರಾಫು ಪುಸ್ತಕದಲ್ಲಿ ಹಾಕುವಷ್ಟು ಚೆಂದ.

ಡೈಲಾಗ್ ಮರೆತರು. ಮುಖ — ಹಲ್ಲು ಕೀಳಿಸಿಕೊಳ್ಳುವವರ ಮುಖ.

ನಿರ್ದೇಶಕ ಕತ್ತಲಿನ ಕುರ್ಚಿಗಳಿಂದ: "ಮೂಟೆ ಇಳಿದ ಹಾಗಿದೆ, ದೊಡ್ಡಮ್ಮ."

ಅವರು ಪಟ್ಟಿ ಬಿಚ್ಚುತ್ತಾ ನನ್ನ ಕಡೆ ನೋಡಲಿಲ್ಲ. ಮೂಟೆ ಮಾಡಿದ್ದು ನಾನು.

ಮಾರ್ಚ್ 18, ಬುಧವಾರ

ನಾನೇ ನೇತುಬಿದ್ದೆ.

ಗಂಟಣ್ಣ ಪಟ್ಟಿ ಕಟ್ಟಿದರು. ಗಂಟನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ. "ಮೇಡಂ, ನೀವು ನನ್ನ ಗಂಟು ನಂಬಲ್ಲ, ನಾನು ನಿಮ್ಮ ಗಣಿತ ನಂಬಲ್ಲ. ಸಮ ಆಯ್ತು ಬಿಡಿ" ಅಂದರು. ದೊಡ್ಡಮ್ಮ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಕಡಲೆಕಾಯಿ ಒಂದೇ ಕಡಿಮೆ.

ಕಾಲ ಕೆಳಗಿನಿಂದ ಬಾಲ್ಕನಿ ಹೋಯಿತು. ಅಯ್ಯಯ್ಯೋ. ಕ್ರೇನಿನ ಕೆಳಗೆ ನಿಂತು ಮೇಲೆ ನೋಡುವುದೇ ಬೇರೆ, ಮೇಲಿನಿಂದ ಕೆಳಗೆ ನೋಡುವುದೇ ಬೇರೆ. ಕೋಲಿನ ಹಾಗೆ ಇರಬೇಕು ಎಂದುಕೊಂಡೇ ಹೊರಟವಳು. ಟ್ರಾಲಿ ತಿದ್ದುವುದಕ್ಕೆ ಸರಕ್ ಎಂದದ್ದೇ ತಡ, ನನ್ನ ಎರಡೂ ಕಾಲು ಉಲ್ಟಾ ಬೀಸಿದವು. ನಾನು ಕೇಳಲಿಲ್ಲ, ಯಾರೂ ಕಲಿಸಿಲ್ಲ. ಎಲ್ಲಿಗೋ ಬೀಳುತ್ತೇನೆ ಅನ್ನಿಸಿದಾಗ ಮೈ ಸುಮ್ಮನಿರುವುದಿಲ್ಲ, ಅಷ್ಟೆ.

"ಹ್ಯಾಗಿದೆ ನೇರ ಗೆರೆ?" ಕೆಳಗಿನಿಂದ ದೊಡ್ಡಮ್ಮ.

ಇಳಿಸಿದ ಮೇಲೆ ಬೀದಿದೀಪದ ಕಂಬ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದೆ. ನಾಚಿಕೆ ಆಗಿತ್ತು, ಖುಷಿಯೂ ಆಗಿತ್ತು. ಮೂಟೆಗೆ ಮಾಡಿದ ಲೆಕ್ಕದಲ್ಲಿ ಮನುಷ್ಯರನ್ನು ಕೂರಿಸಿ, ಆಮೇಲೆ ಮನುಷ್ಯರಿಗೇ ಮೂಟೆ ಆಗಿ ಅಂದಿದ್ದೆ. ಲೆಕ್ಕ ಸುಲಭ ಮಾಡುವುದು ತಪ್ಪಲ್ಲ. ಬೇಡದ್ದನ್ನು ಬಿಡುವುದೇ ಈ ಕಸುಬು. ಇರುವುದನ್ನು ಇಲ್ಲ ಅಂದದ್ದು ತಪ್ಪು.

ಮಾರ್ಚ್ 25, ಬುಧವಾರ

ಬರೆಯಲು ಪುರಸೊತ್ತಾಗಿಲ್ಲ. ಒಲೆಯ ಮೇಲೆ ಹಾಲು ಎರಡು ಸಲ ಉಕ್ಕಿದೆ. ಅತ್ತೆ ನನ್ನ ಕೈಗೆ ಪಾತ್ರೆ ಕೊಡುವುದನ್ನೇ ನಿಲ್ಲಿಸಿದ್ದಾರೆ.

ದೊಡ್ಡಮ್ಮನ ಪಾದದ ಮೇಲೆ ಬೆಂಕಿಪೊಟ್ಟಣದಷ್ಟು ಸೆನ್ಸರ್ ಕಟ್ಟಿದೆ. ("ಜನ ಕೈಗೆ ವಾಚ್ ಕಟ್ತಾರೆ. ನೀವು ಕಾಲಿಗೆ ಕಟ್ಟಿದ್ರಾ?") ಒಂದು ವಾರ ಅವರನ್ನು ಇಳಿಸುವುದು, ಬರೆದುಕೊಳ್ಳುವುದು. ಅವರ ಕಾಲೂ ಒಂದು ನಿಯಮ ಹಿಡಿದೇ ನಡೆಯುತ್ತದೆ. ಹಗ್ಗ ವಾಲಿದ ಸ್ವಲ್ಪ ಹೊತ್ತಿಗೆ, ವಾಲಿದಷ್ಟಕ್ಕೆ ತಕ್ಕಂತೆ, ಎದುರು ದಿಕ್ಕಿಗೆ. ಸಣ್ಣ ವಾಲಾಟದಲ್ಲಿ ಅದೂ ಹೆಚ್ಚುಕಡಿಮೆ ನೇರ ಗೆರೆ. ಮೋಟರ್ ಆಫ್ ಮಾಡಿ ಅವರೊಬ್ಬರನ್ನೇ ಓಲಾಡಿಸಿ ನೋಡಿದೆ: ಮೂರು ಓಲಾಟಕ್ಕೆ ತಾವೇ ನಿಲ್ಲಿಸಿಕೊಂಡರು, ಸದ್ದಿಲ್ಲದೆ. ನನ್ನ ಮೆಷಿನ್ ಅವರ ಕೈ ಹಿಡಿದೆಳೆಯದಿದ್ದರೆ ಅವರಿಗೆ ಏನೂ ಆಗುತ್ತಿರಲಿಲ್ಲ.

ಹಾಗಾಗಿ ಆ ನಾಲ್ಕು ಸಂಖ್ಯೆಗೆ ಇನ್ನೆರಡು ಸೇರಿಸಿದೆ. ಕಾಲು ಎಲ್ಲಿದೆ, ಕಾಲಿನ ವೇಗವೆಷ್ಟು. ಮೇಲೆ ಮತ್ತು ನಡುವೆ ಮೆಷಿನ್ನಿನ ಕೈ ಮುಂದೆ. ಕೆಳಗಿನ ತುಂಡಿನಲ್ಲಿ ಮೆಷಿನ್ ತಿದ್ದುವುದನ್ನು ಕಡಿಮೆ ಮಾಡುತ್ತಾ, ಕೊನೆಯ ಓಲಾಟವನ್ನು ಅವರಿಗೇ ಬಿಡುತ್ತದೆ. ಹಗ್ಗ ಮಿತಿಮೀರಿ ವಾಲಿದರೆ ಮಾತ್ರ ಮೆಷಿನ್ ತಾನೇ ಮೆತ್ತಗೆ ಹಿಡಿದು ನಿಲ್ಲಿಸುತ್ತದೆ.

ದೊಡ್ಡಮ್ಮನಿಗೆ ಹೇಳಿದೆ, ಈಗ ನೀವು ಆರು.

"ಎರಡು ಜಾಸ್ತಿ! ಈ ವಯಸ್ಸಲ್ಲಿ ಬಡ್ತಿ ಕೊಟ್ಟೋರು ನೀವೊಬ್ರೇ."

ಮಾರ್ಚ್ 27, ಶುಕ್ರವಾರ

ಆಯಿತು.

ಬಾಲ್ಕನಿಯ ಕಂಬಿ ದಾಟಿ ಹೊರಟರು, ಡೈಲಾಗ್ ಹೇಳುತ್ತಲೇ ಬಂದರು. ಕೆಳಗೆ ಒಂದು ಓಲಾಟ, ಇನ್ನೊಂದು, ಪಾದ ಚೂರು ಎತ್ತಿದರು, ಮೂರನೆಯದು ಅರ್ಧಕ್ಕೇ ಕರಗಿತು. ಒಂದು ಕಾಲು ನೆಲಕ್ಕೆ ಇಟ್ಟು, ಆಮೇಲೆ ಇನ್ನೊಂದು. ಬಸ್ಸಿನಿಂದ ಇಳಿದ ಹಾಗೆ. ಓಲಾಟ ಕಡಿಮೆಯಿದ್ದರೂ ಮೂಟೆ ಇಷ್ಟು ಚೆಂದ ಇಳಿದಿರಲಿಲ್ಲ, ಜಿಮ್ನಾಸ್ಟ್ ಅಂತೂ ಇಲ್ಲವೇ ಇಲ್ಲ.

ಯಾರೂ ಮಾತಾಡಲಿಲ್ಲ. ನಿರ್ದೇಶಕನೂ. ಆಮೇಲೆ ಗಂಟಣ್ಣ ಹೇಳಿದರು: "ಸೈಲೆನ್ಸ್ ಅಂದ್ರೆ ಇದು ಸಾರ್."

ಮಾರ್ಚ್ 29, ಭಾನುವಾರ

ಮಗಳು ಕಾರು ಹೊರಗೆ ತೆಗೆದಳು. ಷರತ್ತು: ನಾನು ನನ್ನ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು. ಕೂತೆ. ಗೇಟಿನ ಹತ್ತಿರ ಬಲಕ್ಕೆ ಹೋದಳು... ತಾನೇ ತಿದ್ದಿಕೊಂಡಳು. ಕಂಬಕ್ಕೂ ಕಾರಿಗೂ ನಡುವೆ ಒಂದು ಗೇಣು. ನನ್ನ ಕೈ ಜೋಮು ಹಿಡಿದಿತ್ತು.

"ನಿಮ್ಮಮ್ಮ ಇವತ್ತು ಮನುಷ್ಯರ ಥರ ಕೂತಿದಾಳೆ," ಅಂದರು ಅತ್ತೆ.

ಏಪ್ರಿಲ್ 1, ಬುಧವಾರ. ಸಂಜೆ

ಡ್ರೆಸ್ ರಿಹರ್ಸಲ್. ಹಾಳು ಮಾಡಿದೆ. ನಾನೇ.

ಕಂಟ್ರೋಲ್ ರೂಮಿನಲ್ಲಿ ನನ್ನ ಮುಂದೆ ಕೆಂಪು ಬಟನ್. ಒತ್ತಿದರೆ ಎಲ್ಲ ಇದ್ದಲ್ಲೇ ನಿಲ್ಲುತ್ತದೆ. ಮೋಟರ್ ಸುಟ್ಟರೆ, ಹಳಿಯಲ್ಲಿ ಏನಾದರೂ ಸಿಕ್ಕಿಕೊಂಡರೆ, ಅಂಥದ್ದಕ್ಕೆ. ದೊಡ್ಡಮ್ಮ ಚೆನ್ನಾಗೇ ಬರುತ್ತಿದ್ದರು. ಉಡುಪು ಭಾರ ಇತ್ತೋ ಏನೋ, ಕೆಳಗೆ ಓಲಾಟ ಯಾವಾಗಲಿಗಿಂತ ಒಂದು ಕೂದಲೆಳೆ ದೊಡ್ಡದು. ಮಿತಿಯ ಒಳಗೇ ಇತ್ತು, ಸ್ಕ್ರೀನಿನ ಮೇಲೆ ಕಾಣುತ್ತಿತ್ತು. ಆದರೂ ಕೈ ಹೋಯಿತು. ಒತ್ತಿಬಿಟ್ಟೆ.

ಟ್ರಾಲಿ ಧಡಕ್ಕನೆ ನಿಂತಿತು. ಅವರು ಅರ್ಧ ಎತ್ತಿದ ಕಾಲು ಹಾಗೇ, ಗಾಳಿಯಲ್ಲಿ ಗಿರಕಿ ಹೊಡೆದರು. ಪಟ್ಟಿ ಸೊಂಟಕ್ಕೆ ಕಚ್ಚಿ ಕೆಂಪು ಬರೆ ಬಿದ್ದಿದೆ. ಗಂಟಣ್ಣ ಏಣಿ ತಂದು ಇಳಿಸಿದರು.

"ಸಾಕು," ಅಂದ ನಿರ್ದೇಶಕ. "ಶನಿವಾರ ಮೊದಲ ಶೋಗೆ ಹುಡುಗೀನೇ ಹಾರ್ಲಿ."

ತಪ್ಪು ನನ್ನದು ಅಂತ ಎಲ್ಲರ ಎದುರಿಗೇ ಹೇಳಿದೆ. "ಯಾರದಾದ್ರೇನು ಮೇಡಂ, ಜನ ನೋಡೋದು ನೇತಾಡ್ತಿರೋರನ್ನ" ಅಂದ. ಅದೂ ನಿಜವೇ.

ತಿದ್ದುವವರಲ್ಲಿ ಯಂತ್ರ ಒಂದನೆಯದು, ದೊಡ್ಡಮ್ಮನ ಕಾಲು ಎರಡನೆಯದು. ಮೂರನೆಯದು ಈ ಬೆರಳು. ಇದನ್ನು ಯಾವ ಲೆಕ್ಕದಲ್ಲೂ ಬರೆದಿರಲಿಲ್ಲ.

ಏಪ್ರಿಲ್ 2, ಗುರುವಾರ

ದೊಡ್ಡಮ್ಮ ಮೇಕಪ್ ಕೋಣೆಯಲ್ಲಿ ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಬಾಗಿಲಲ್ಲೇ ನಿಂತೆ.

"ಬನ್ನಿ, ಬನ್ನಿ. ಕಚ್ಚಲ್ಲ ನಾನು."

ಅವರೇ ಶುರು ಮಾಡಿದರು.

"ನಿಮ್ಮ ಮೆಷಿನ್ ನನ್ನನ್ನ ನಂಬ್ತು. ನೀವು ನಂಬ್ಲಿಲ್ಲ. ಅಷ್ಟೇ ಆಗಿದ್ದು."

"ಬಿದ್ದುಬಿಡ್ತೀರಿ ಅನ್ನಿಸ್ತು."

"ನನಗೂ ದಿನಾ ಅನ್ಸತ್ತೆ ಕಣ್ರೀ. ಅದಕ್ಕೇ ಅಲ್ವಾ ಕಾಲು ಆಡೋದು."

ಇಬ್ಬರೂ ನಿರ್ದೇಶಕನ ಹತ್ತಿರ ಹೋದೆವು. ಇನ್ನೊಂದೇ ಒಂದು ಸಲ ನೋಡಿ ಅಂದೆವು. ಬಟನ್ ಗಂಟಣ್ಣನ ಕೈಗೆ ಕೊಡುತ್ತೇನೆ ಎಂದೂ ಹೇಳಿದೆ.

"ಬೇಡ," ಅಂದರು ದೊಡ್ಡಮ್ಮ. "ಬಟನ್ ಇವರ ಹತ್ರಾನೇ ಇರ್ಲಿ. ಕೆಟ್ಟರೆ ಮೊದ್ಲು ಗೊತ್ತಾಗೋದು ಇವರಿಗೇ. ಕೆಡದೇ ಇದ್ರೆ ಒತ್ತಬಾರ್ದು, ಅಷ್ಟೆ. ಅದನ್ನ ಇವರು ಕಲೀಲಿ."

ಉಡುಪಿನ ತೂಕ ಸೇರಿಸಿ ಲೆಕ್ಕ ತಿದ್ದಿದೆ. ಮಧ್ಯಾಹ್ನ ಇಳಿದರು. ಕೈ ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. ಚೆನ್ನಾಗಿ ಬಂತು. ನಿರ್ದೇಶಕ ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ಸರಿ. ಶನಿವಾರ ದೊಡ್ಡಮ್ಮಾನೇ. ಆದ್ರೆ ಅವತ್ತು ಮಧ್ಯದಲ್ಲಿ ನಿಂತ್ರೆ, ಮಾರನೇ ಶೋ ಇಂದ ಹುಡುಗಿ. ಅದರ ಮೇಲೆ ಮಾತಿಲ್ಲ."

ಏಪ್ರಿಲ್ 4, ಶನಿವಾರ. ನಾಟಕ ನಡೆಯುತ್ತಿದೆ

ಕಂಟ್ರೋಲ್ ರೂಮು. ದಿನಚರಿ ಇಲ್ಲಿಗೇ ತಂದಿದ್ದೇನೆ. ಬಲಗೈಯಲ್ಲಿ ಪೆನ್ನಿದ್ದರೆ ಬಟನ್ ಕಡೆ ಹೋಗುವುದಿಲ್ಲ, ಎಡಗೈ ತೊಡೆಯ ಕೆಳಗೆ. ಹಾಳೆ ಸರಿಯಾಗಿ ಕಾಣುತ್ತಿಲ್ಲ, ಸ್ಕ್ರೀನಿನ ಬೆಳಕಷ್ಟೇ.

ಕಾರು ಓಡಿಸಿಕೊಂಡು ಬಂದದ್ದು ಮಗಳು. ಏಳನೇ ಸಾಲಿನಲ್ಲಿ ಕೂತಿದ್ದಾಳೆ, ಪಕ್ಕದಲ್ಲಿ ಅತ್ತೆ. ದೊಡ್ಡಮ್ಮ ಹಾರುವ ಮೊದಲೇ ಅತ್ತೆ ಎರಡು ಸಲ ಚಪ್ಪಾಳೆ ಹೊಡೆದಾಯಿತು.

ಕೊನೆಯ ದೃಶ್ಯ. ದೊಡ್ಡಮ್ಮ ಬಾಲ್ಕನಿಯ ಕಂಬಿ ಹಿಡಿದಿದ್ದಾರೆ. ಗಂಟಣ್ಣ ಪಕ್ಕದ ಪರದೆಯಿಂದ ಹೆಬ್ಬೆರಳು ತೋರಿಸಿದರು.

ಹೊರಟರು.

ಮೇಲಿನ ತುಂಡು ಸರಿ. ಮಾತು ಸ್ಪಷ್ಟ ಕೇಳುತ್ತಿದೆ, ಅದೇ ಪಿಸುಮಾತು. ನಡುವಿನದೂ ಸರಿ. ಯಾರೋ ಒಂದು ಮಗು "ಅಜ್ಜಿ ಹಾರ್ತಿದೆ" ಅಂತು.

ಕೆಳಗೆ. ಇಲ್ಲಿಂದ ಮೆಷಿನ್ ಕೈ ಬಿಡುತ್ತಾ ಬರುತ್ತದೆ. ಒಂದು ಓಲಾಟ. ದೊಡ್ಡದಿದೆ. ಬುಧವಾರದಷ್ಟೇ ಇದೆ. ಮಿತಿಯ ಒಳಗಿದೆ, ಒಳಗೇ ಇದೆ. ಒತ್ತಲ್ಲ. ಒತ್ತಲ್ಲ... ಎರಡನೆಯದು.

ಪಾದ ಎತ್ತಿದರು.

ಬಟನ್ ಒತ್ತದಿರಲು ಇನ್ನು ಪೆನ್ನು ಹಿಡಿದು ಕೂರಬೇಕಾಗಿಲ್ಲ. ಅದನ್ನು ಕೆಳಗಿಟ್ಟು, ಎರಡೂ ಕೈ ಖಾಲಿ ಬಿಟ್ಟು ನೋಡುತ್ತೇನೆ. ಒಂದು ಕಾಲು ನೆಲಕ್ಕೆ ಇಟ್ಟರು. ಇನ್ನೊಂದು —